ನಿಮ್ಮ ಮನೆಯ ರೂಟರ್ ಯಾರ ಮಾತು ಕೇಳುತ್ತಿದೆ? ಬಾಟ್‌ನೆಟ್ ಒಳಹೊರಗು

2017ರ ಜುಲೈ ಕೊನೆಯ ವಾರ ಕರ್ನಾಟಕದ ಸಾವಿರಾರು ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಯಾರೋ ರಸ್ತೆ ಅಗೆದು ಕೇಬಲ್ ಕಡಿದಿರಲಿಲ್ಲ, ಬಿಲ್ ಬಾಕಿಯೂ ಕಾರಣವಲ್ಲ. ಹಲಸೂರಿನ ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಕೇಂದ್ರ ಕಚೇರಿ ಇರುವ ಬಿಎಸ್‌ಎನ್‌ಎಲ್ ಕರ್ನಾಟಕ ವೃತ್ತದ ಜಾಲದ ಮೇಲೆ ಮಾಲ್‌ವೇರ್ ದಾಳಿ ಆಗಿತ್ತು. ಆಗಿನ ವರದಿಗಳ ಪ್ರಕಾರ ಸುಮಾರು 60,000 ಮೋಡೆಮ್‌ಗಳು ಸಂಪರ್ಕ ಕಳೆದುಕೊಂಡವು. ಅವುಗಳಿಗೆಲ್ಲ ಒಂದೇ ಸಾಮಾನ್ಯ ಗುಣ: ಕಾರ್ಖಾನೆಯಿಂದ ಬಂದಾಗಿನ ಯೂಸರ್‌ನೇಮ್ 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಅದನ್ನು ಯಾರೂ ಬದಲಿಸಿರಲಿಲ್ಲ. ಆಮೇಲೆ ಬಿಎಸ್‌ಎನ್‌ಎಲ್ ತನ್ನ ಗ್ರಾಹಕರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಲಹೆ ಕೊಟ್ಟಿತು.

ಎಂಟು ವರ್ಷಕ್ಕೂ ಹಿಂದಿನ ಸುದ್ದಿ ಈಗ್ಯಾಕೆ ಅನ್ನಬಹುದು. ಆಗ ಬಹುತೇಕ ಮನೆಗಳಲ್ಲಿ ಇಂಟರ್ನೆಟ್‌ಗೆ ಜೋಡಿಸಿದ ವಸ್ತು ಅಂದರೆ ಒಂದು ಮೋಡೆಮ್, ಒಂದೆರಡು ಫೋನ್, ಒಂದು ಕಂಪ್ಯೂಟರ್. ಇವತ್ತು ಇಂದಿರಾನಗರದ ಒಂದು ಎರಡು ಬೆಡ್‌ರೂಮಿನ ಮನೆಯೊಳಗೆ ಎಣಿಸಿದರೆ ಟಿವಿ, ಸೆಟ್‌ಟಾಪ್ ಬಾಕ್ಸ್, ಬಾಗಿಲ ಕ್ಯಾಮೆರಾ, ಸ್ಪೀಕರ್, ಬಲ್ಬು, ಎಸಿ ಎಲ್ಲವೂ ವೈಫೈಗೆ ಅಂಟಿಕೊಂಡಿವೆ. ಕೆ.ಆರ್. ಪುರದ ಒಂದು ಪಿಜಿಯಲ್ಲಿ ಒಂದೇ ಕನೆಕ್ಷನ್ ಮೇಲೆ ಹತ್ತಾರು ಹುಡುಗರು ಬದುಕುತ್ತಾರೆ. ಶಿವಾಜಿನಗರದ ಗಲ್ಲಿಯ ಪುಟ್ಟ ಬಟ್ಟೆ ಅಂಗಡಿಗೂ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ ಇದೆ. ಇವೆಲ್ಲವೂ ಕಂಪ್ಯೂಟರ್‌ಗಳೇ. ಯಾರಾದರೂ ಹೊರಗಿನವರು ಇವಕ್ಕೆ ಅಪ್ಪಣೆ ಕೊಡುವಂತಾದರೆ ಏನಾಗುತ್ತದೆ ಅನ್ನೋದನ್ನ ಈ ಬರಹದಲ್ಲಿ ವಿವರಿಸಲು ಯತ್ನಿಸಿದ್ದೇನೆ. ಇದು ಬರೀ ತಾಂತ್ರಿಕ ವಿಷಯ ಅಲ್ಲ ಅನ್ನೋದು ನನ್ನ ವಾದ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಾಟ್‌ನೆಟ್ ಅಂದ್ರೆ ಏನು?

ಮಾಲೀಕರಿಗೆ ಗೊತ್ತಾಗದಂತೆ ಕೈವಶ ಮಾಡಿಕೊಂಡ ಸಾಧನಗಳ ಜಾಲಕ್ಕೆ ಬಾಟ್‌ನೆಟ್ ಎಂದು ಹೆಸರು. ಒಳಗಿರುವ ಒಂದೊಂದು ಸಾಧನವೂ ಒಂದು 'ಬಾಟ್'. ಅದನ್ನು ನಡೆಸುವವನು ದೂರದಲ್ಲೆಲ್ಲೋ ಕೂತು ಒಂದು ಅಪ್ಪಣೆ ಕೊಟ್ಟರೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಾಧನಗಳು ಒಟ್ಟಿಗೇ ಆ ಕೆಲಸಕ್ಕೆ ಇಳಿಯುತ್ತವೆ. ನಿಮ್ಮ ಟಿವಿ ಎಂದಿನಂತೆ ಹಾಡು ಹಾಕುತ್ತಿರುತ್ತದೆ, ಕ್ಯಾಮೆರಾ ಎಂದಿನಂತೆ ಗೇಟು ತೋರಿಸುತ್ತಿರುತ್ತದೆ. ಹಿಂದಿನ ಬಾಗಿಲಿಂದ ಅವು ಬೇರೆಯವರ ಚಾಕರಿ ಮಾಡುತ್ತಿರುತ್ತವೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ರಾಜಕೀಯ ಚರ್ಚೆಗಳಲ್ಲಿ 'ಬಾಟ್' ಅನ್ನುವ ಪದ ಬೈಗುಳದಂತೆ ಬಳಕೆಯಾಗುತ್ತಿದೆ. ಯಾವುದೋ ಪಕ್ಷದ ಐಟಿ ಸೆಲ್ಲಿನವರು ಒಂದೇ ಸಾಲನ್ನು ನೂರು ಖಾತೆಗಳಿಂದ ಹಾಕಿದರೆ 'ಬಾಟ್‌ಗಳು ಬಂದವು' ಅನ್ನುತ್ತೇವೆ. ಅದು ದುಡ್ಡು ಕೊಟ್ಟು ಕೂರಿಸಿದ ಮನುಷ್ಯರ ಕೆಲಸ ಇರಬಹುದು, ಅಥವಾ ಒಂದು ಪ್ರೋಗ್ರಾಮ್ ನಡೆಸುವ ನಕಲಿ ಖಾತೆಗಳ ಕೆಲಸ ಇರಬಹುದು. ಎರಡೂ ಬಾಟ್‌ನೆಟ್ ಅಲ್ಲ. ಬಾಟ್‌ನೆಟ್ಟಿನ ಲಕ್ಷಣ ಕಳವು: ಬೇರೆಯವರ ಯಂತ್ರ, ಬೇರೆಯವರ ಕರೆಂಟು, ಬೇರೆಯವರ ಐಪಿ ವಿಳಾಸ. ಆದರೆ ಇವೆರಡರ ನಡುವೆ ಒಂದು ನಂಟಿದೆ. ನೂರು ನಕಲಿ ಖಾತೆಗಳು ಒಂದೇ ಆಫೀಸಿನ ಐಪಿಯಿಂದ ಬಂದರೆ ಸಿಕ್ಕಿಬೀಳುತ್ತವೆ. ನೂರು ಬೇರೆ ಬೇರೆ ಮನೆಗಳ ರೂಟರ್ ಮೂಲಕ ಬಂದರೆ ನೂರು ಜನ ಸಾಮಾನ್ಯರಂತೆ ಕಾಣುತ್ತವೆ. ಆ ನೂರು ಮನೆಗಳನ್ನು ಒದಗಿಸುವುದು ಬಾಟ್‌ನೆಟ್.

ಸಾಧನ ಕೈವಶ ಆಗೋದು ಹೇಗೆ?

ಯಾರೋ ಹ್ಯಾಕರ್ ನಿಮ್ಮನ್ನೇ ಗುರಿ ಮಾಡಿಕೊಂಡು ರಾತ್ರಿಯೆಲ್ಲ ಕೂರುತ್ತಾನೆ ಎಂದು ಭಾವಿಸಬೇಡಿ. ಇಲ್ಲಿ ಯಾರೂ ಯಾರನ್ನೂ ಆರಿಸುವುದಿಲ್ಲ. ಇಂಟರ್ನೆಟ್ಟಿನ ಐಪಿ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗುವ ಪ್ರೋಗ್ರಾಮ್‌ಗಳಿವೆ. ಬೀದಿಯ ಪ್ರತಿ ಮನೆಯ ಚಿಲಕ ಅಲ್ಲಾಡಿಸಿ ನೋಡುವ ಕಳ್ಳನ ಹಾಗೆ. ತೆರೆದುಕೊಂಡರೆ ಒಳಗೆ, ಇಲ್ಲದಿದ್ದರೆ ಮುಂದಿನ ಮನೆ. ಒಳಹೊಕ್ಕುವ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಕಾರ್ಖಾನೆಯ ಪಾಸ್‌ವರ್ಡ್. ಒಂದು ಮಾದರಿಯ ಲಕ್ಷ ಮೋಡೆಮ್‌ಗಳಿಗೆ ಒಂದೇ ಪಾಸ್‌ವರ್ಡ್ ಇದ್ದರೆ ಒಂದನ್ನು ತಿಳಿದವನು ಲಕ್ಷಕ್ಕೂ ಒಡೆಯ. ಕ್ಯಾಮೆರಾ ಹಾಕಲು ಬರುವ ಟೆಕ್ನಿಷಿಯನ್ ಕೂಡ ತನ್ನ ಅನುಕೂಲಕ್ಕೆ ಎಲ್ಲ ಅಂಗಡಿಗೂ 'ಅಡ್ಮಿನ್ 123' ಇಟ್ಟು ಹೋದರೆ ಅದೇ ಕಥೆ.

ಎರಡನೆಯದು ತೆರೆದ ಪೋರ್ಟ್. ಇಂಟರ್ನೆಟ್ ಕಂಪನಿಗಳು ದೂರದಿಂದಲೇ ಗ್ರಾಹಕರ ಮೋಡೆಮ್ ಸರಿಪಡಿಸಲು ಟಿಆರ್-069 ಎಂಬ ವ್ಯವಸ್ಥೆ ಬಳಸುತ್ತವೆ, ಸಾಮಾನ್ಯವಾಗಿ 7547ನೇ ಪೋರ್ಟ್ ಮೂಲಕ. ಕಂಪನಿಗೆ ಮಾತ್ರ ಕಾಣಬೇಕಾದ ಈ ಬಾಗಿಲು ಇಡೀ ಜಗತ್ತಿಗೆ ಕಾಣುವಂತಿದ್ದರೆ ಅನಾಹುತ. 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟದ್ದು ಈ ಬಾಗಿಲಿನ ಮೇಲೆ ನಡೆದ ದಾಳಿಯಿಂದ. 2017ರಲ್ಲಿ ನಮ್ಮ ಬಿಎಸ್‌ಎನ್‌ಎಲ್ ಪ್ರಕರಣದಲ್ಲೂ ಇದೇ ಪೋರ್ಟಿನ ಹೆಸರು ಕೇಳಿಬಂತು. 'ಮೊಬೈಲ್‌ನಲ್ಲೇ ಅಂಗಡಿ ಕಾಣಬೇಕು' ಎಂದು ಡಿವಿಆರ್‌ಗೆ ಪೋರ್ಟ್ ಫಾರ್ವರ್ಡ್ ಮಾಡಿಸಿಕೊಂಡಾಗ ನಾವೂ ಅಂಥದ್ದೇ ಒಂದು ಬಾಗಿಲು ತೆರೆಯುತ್ತೇವೆ.

ಮೂರನೆಯದು ಸಾಫ್ಟ್‌ವೇರ್ ದೋಷ. ಫೋನಿಗೆ ಅಪ್‌ಡೇಟ್ ಬರುತ್ತದೆ, ನಾವು ಹಾಕಿಕೊಳ್ಳುತ್ತೇವೆ. ಐದು ವರ್ಷದ ಹಿಂದೆ ಕೊಂಡ ರೂಟರ್‌ಗೆ ಕೊನೆಯ ಸಲ ಅಪ್‌ಡೇಟ್ ಯಾವಾಗ ಬಂತು? ಬಹಳ ಕಂಪನಿಗಳು ಹಳೆಯ ಮಾದರಿಗಳನ್ನು ಕೈಬಿಡುತ್ತವೆ. ದೋಷ ಊರಿಗೆಲ್ಲ ಗೊತ್ತಾಗಿರುತ್ತದೆ, ಔಷಧ ಮಾತ್ರ ಬರುವುದೇ ಇಲ್ಲ.

ನಾಲ್ಕನೆಯದು, ಕೊಳ್ಳುವಾಗಲೇ ಒಳಗೆ ಕೂತಿರುವ ಕಳ್ಳ. ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳಲ್ಲಿ ಮಾಲ್‌ವೇರ್ ಮೊದಲೇ ತುಂಬಿರುವುದು ಪದೇ ಪದೇ ಪತ್ತೆಯಾಗಿದೆ. 'ಬ್ಯಾಡ್‌ಬಾಕ್ಸ್ 2.0' ಎಂಬ ಇಂಥ ಜಾಲದ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಜನರನ್ನು ಎಚ್ಚರಿಸಿತು. ಅದರ ಮರುತಿಂಗಳೇ ಗೂಗಲ್ ಮೊಕದ್ದಮೆ ಹೂಡಿ, ಒಂದು ಕೋಟಿಗೂ ಹೆಚ್ಚು ಸಾಧನಗಳು ಇದಕ್ಕೆ ಸಿಕ್ಕಿವೆ ಎಂದಿತು. 'ಉಚಿತ ವಿಪಿಎನ್' ಆ್ಯಪ್‌ಗಳದ್ದೂ ಇದೇ ಜಾಡು. 2024ರ ಮೇ ತಿಂಗಳಲ್ಲಿ ಮುರಿದುಬಿದ್ದ '911 ಎಸ್5' ಜಾಲ ಉಚಿತ ವಿಪಿಎನ್‌ಗಳ ಮೂಲಕವೇ ಹರಡಿ, 1.9 ಕೋಟಿ ಐಪಿ ವಿಳಾಸಗಳನ್ನು ತನ್ನದಾಗಿಸಿಕೊಂಡಿತ್ತು ಎಂದು ಅಮೆರಿಕದ ನ್ಯಾಯ ಇಲಾಖೆ ಹೇಳಿದೆ. ಕಂಪನಿಗೆ ನಾವು ದುಡ್ಡು ಕೊಡದಿದ್ದರೆ ಅದರ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ ಇದು.

ಅಪ್ಪಣೆ ಎಲ್ಲಿಂದ ಬರುತ್ತದೆ?

ಹಳೆಯ ಮಾದರಿ ಸರಳ. ಎಲ್ಲ ಬಾಟ್‌ಗಳೂ ಒಂದು ಸರ್ವರ್‌ಗೆ ಆಗಾಗ ಹೋಗಿ 'ಇವತ್ತು ಏನು ಕೆಲಸ?' ಎಂದು ಕೇಳುತ್ತವೆ. ಇದಕ್ಕೆ ಕಮಾಂಡ್ ಅಂಡ್ ಕಂಟ್ರೋಲ್ ಸರ್ವರ್ ಅನ್ನುತ್ತಾರೆ. ಪೊಲೀಸರು ಆ ಸರ್ವರ್ ವಶಪಡಿಸಿಕೊಂಡರೆ ಜಾಲ ತಲೆಯಿಲ್ಲದ ಮುಂಡ. ಅದಕ್ಕೇ ಹೊಸಬರು ಬೇರೆ ಉಪಾಯ ಹುಡುಕಿದರು: ಬಾಟ್‌ಗಳು ಒಂದಕ್ಕೊಂದು ಪಿಸುಗುಟ್ಟಿಕೊಂಡೇ ಅಪ್ಪಣೆ ದಾಟಿಸುವ ವ್ಯವಸ್ಥೆ. ಇಲ್ಲಿ ಕತ್ತರಿಸಲು ಒಂದು ತಲೆ ಅಂತ ಇರುವುದಿಲ್ಲ.

2019ರಲ್ಲಿ ಕಾಣಿಸಿಕೊಂಡ 'ಮೋಝಿ' ಈ ಎರಡನೇ ಬಗೆಯದ್ದು. ರೂಟರ್, ಡಿವಿಆರ್‌ಗಳನ್ನು ಹಿಡಿಯುತ್ತಿದ್ದ ಅದರ ದೊಡ್ಡ ಪಾಲು ಸಾಧನಗಳು ಚೀನಾ ಮತ್ತು ಭಾರತದಲ್ಲಿದ್ದವು. 2023ರ ಆಗಸ್ಟ್ 8ರಂದು ಭಾರತದಲ್ಲಿ ಮೋಝಿಯ ಚಟುವಟಿಕೆ ಇದ್ದಕ್ಕಿದ್ದಂತೆ ಕುಸಿಯಿತು, ಆಗಸ್ಟ್ 16ರಂದು ಚೀನಾದಲ್ಲೂ ಕುಸಿಯಿತು. ಯಾರೋ ಅದಕ್ಕೊಂದು ನಿಲುಗಡೆಯ ಅಪ್ಪಣೆ ಕಳಿಸಿದ್ದರು ಎಂದು ಇಸೆಟ್ ಎಂಬ ಭದ್ರತಾ ಕಂಪನಿ ಪತ್ತೆ ಮಾಡಿತು. ಕಳಿಸಿದ್ದು ಜಾಲ ಕಟ್ಟಿದವರೇ ಇರಬಹುದು, ಇಲ್ಲವೇ ಅವರನ್ನು ಮಣಿಸಿದ ಚೀನಾದ ಪೊಲೀಸರು ಇರಬಹುದು ಎಂಬುದು ಅವರ ಊಹೆ. ಭಾರತದ ಅಸಂಖ್ಯ ಮನೆ, ಅಂಗಡಿಗಳ ಸಾಧನಗಳು ಕೈವಶವಾದದ್ದೂ ಬಿಡುಗಡೆಯಾದದ್ದೂ ಅವುಗಳ ಮಾಲೀಕರಿಗೆ ಗೊತ್ತಾಗಲೇ ಇಲ್ಲ. ನನಗೆ ಇಡೀ ಕಥೆಯಲ್ಲಿ ದಿಗಿಲು ಹುಟ್ಟಿಸುವ ಭಾಗ ಇದೇ.

ಇದನ್ನು ಏನಕ್ಕೆ ಬಳಸ್ತಾರೆ?

ಹೆಚ್ಚು ಸುದ್ದಿಯಾಗುವುದು ಡಿಡಾಸ್ ದಾಳಿ. ಒಂದು ವೆಬ್‌ಸೈಟ್‌ಗೆ ಒಮ್ಮೆಲೇ ಲಕ್ಷಾಂತರ ಸಾಧನಗಳಿಂದ ಬೇಡಿಕೆ ಕಳಿಸಿ, ನಿಜವಾದ ಓದುಗರು ಒಳಬರಲಾಗದಂತೆ ಮಾಡುವುದು. ಟಿನ್ ಫ್ಯಾಕ್ಟರಿ ಜಂಕ್ಷನ್‌ಗೆ ಬೆಳಗ್ಗೆ ಒಂಬತ್ತಕ್ಕೆ ಹತ್ತು ಸಾವಿರ ಖಾಲಿ ಆಟೋ ಬೇಕಂತಲೇ ನುಗ್ಗಿಸಿದರೆ ಏನಾಗುತ್ತದೋ ಅದು. ಒಂದು ಕ್ಯಾಮೆರಾದ ಶಕ್ತಿ ಅತ್ಯಲ್ಪ, ಆದರೆ ಹನಿ ಹನಿ ಗೂಡಿದರೆ ಹಳ್ಳ.

2016ರ 'ಮಿರಾಯ್' ಇದನ್ನು ಜಗತ್ತಿಗೆ ತೋರಿಸಿಕೊಟ್ಟಿತು. ಅದರ ಬಳಿ ಇದ್ದ ಮಹಾ ಅಸ್ತ್ರ, ಅರವತ್ತಕ್ಕೂ ಹೆಚ್ಚು ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಅದನ್ನಿಟ್ಟುಕೊಂಡು ಉತ್ತುಂಗದಲ್ಲಿ ಸುಮಾರು 6 ಲಕ್ಷ ಸಾಧನಗಳನ್ನು ಹಿಡಿಯಿತು. ಆ ಸೆಪ್ಟೆಂಬರ್‌ನಲ್ಲಿ ಸೈಬರ್ ಅಪರಾಧಗಳ ಬಗ್ಗೆ ಬರೆಯುವ ಪತ್ರಕರ್ತ ಬ್ರಯನ್ ಕ್ರೆಬ್ಸ್ ಅವರ ತಾಣದ ಮೇಲೆ ಸೆಕೆಂಡಿಗೆ ಸುಮಾರು 620 ಗಿಗಾಬಿಟ್‌ನ ದಾಳಿ ನಡೆಯಿತು. ಅಕ್ಟೋಬರ್ 21ರಂದು ಡಿನ್ ಎಂಬ ಕಂಪನಿಯ ಮೇಲಿನ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್‌ನಂಥ ತಾಣಗಳು ಅಮೆರಿಕದ ದೊಡ್ಡ ಭಾಗಕ್ಕೆ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಕಟ್ಟಿದವರು ಯಾರು ಗೊತ್ತಾ? ಇಪ್ಪತ್ತರ ಆಸುಪಾಸಿನ ಮೂವರು ಯುವಕರು. ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ವ್ಯಾಪಾರದ ಜಗಳ ಇದರ ಮೂಲದಲ್ಲಿತ್ತು. 2017ರಲ್ಲಿ ತಪ್ಪೊಪ್ಪಿಕೊಂಡ ಅವರು ಜೈಲಿಗೆ ಹೋಗಲಿಲ್ಲ, ಎಫ್‌ಬಿಐಗೆ ನೆರವಾಗುವ ಷರತ್ತಿನ ಮೇಲೆ ಪ್ರೊಬೇಷನ್ ಮತ್ತು ಸಮುದಾಯ ಸೇವೆಯ ಶಿಕ್ಷೆ ಪಡೆದರು. ಆದರೆ ಅಷ್ಟರಲ್ಲಿ ಮಿರಾಯ್‌ನ ಮೂಲ ಕೋಡ್ ಸಾರ್ವಜನಿಕವಾಗಿಬಿಟ್ಟಿತ್ತು. ಅದರ ಮರಿ, ಮೊಮ್ಮರಿಗಳು ಇಂದಿಗೂ ಓಡಾಡುತ್ತಿವೆ. 2025ರಲ್ಲಿ 'ಐಸುರು' ಎಂಬ ಜಾಲದಿಂದ ಸೆಕೆಂಡಿಗೆ 29.7 ಟೆರಾಬಿಟ್‌ನ ದಾಳಿಯನ್ನು ತಡೆದೆವು ಎಂದು ಕ್ಲೌಡ್‌ಫ್ಲೇರ್ ಹೇಳಿತು. ಕ್ರೆಬ್ಸ್ ಮೇಲಿನ ದಾಳಿಗಿಂತ ಅದು ನಲವತ್ತು ಪಟ್ಟಿಗೂ ಹೆಚ್ಚು.

ಎರಡನೇ ಬಳಕೆ ಸದ್ದಿಲ್ಲದ್ದು, ನನ್ನ ಪ್ರಕಾರ ಹೆಚ್ಚು ಅಪಾಯದ್ದು: ನಿಮ್ಮ ಐಪಿ ವಿಳಾಸವನ್ನು ಬಾಡಿಗೆಗೆ ಕೊಡುವುದು. ಬ್ಯಾಂಕ್ ವಂಚಕ ತನ್ನ ಜಾಗದಿಂದ ಲಾಗಿನ್ ಆದರೆ ಬ್ಯಾಂಕಿಗೆ ಅನುಮಾನ ಬರುತ್ತದೆ. ಹಲಸೂರಿನ ಒಂದು ಮನೆಯ ರೂಟರ್ ಮೂಲಕ ಬಂದರೆ ಬರುವುದಿಲ್ಲ. ಕದ್ದ ಪಾಸ್‌ವರ್ಡ್‌ಗಳನ್ನು ಸಾವಿರಾರು ಖಾತೆಗಳ ಮೇಲೆ ಪ್ರಯೋಗಿಸುವುದು, ಜಾಹೀರಾತುಗಳ ಮೇಲೆ ಸುಳ್ಳು ಕ್ಲಿಕ್ ಒತ್ತುವುದು, ನಕಲಿ ಖಾತೆ ತೆರೆಯುವುದು ಎಲ್ಲವೂ ಹೀಗೇ. ಪೊಲೀಸರು ಐಪಿ ಹಿಡಿದು ಹುಡುಕಿಕೊಂಡು ಬಂದರೆ ಸಿಗುವುದು ಆ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರು. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಅನ್ನೋದು ಇದಕ್ಕೇ.

ಸರ್ಕಾರಗಳೂ ಇದರಿಂದ ಹೊರತಲ್ಲ. ಚೀನಾದ ಸರ್ಕಾರದ ಬೆಂಬಲವಿದೆ ಎನ್ನಲಾದ 'ವೋಲ್ಟ್ ಟೈಫೂನ್' ತಂಡ ಅಮೆರಿಕದ ಸಣ್ಣ ಕಚೇರಿ, ಮನೆಗಳ ಹಳೆಯ ರೂಟರ್‌ಗಳ ಹಿಂದೆ ಅಡಗಿ ಅಲ್ಲಿನ ಮೂಲಸೌಕರ್ಯ ಜಾಲಗಳೊಳಗೆ ನುಸುಳಿತ್ತು. 2024ರ ಜನವರಿಯಲ್ಲಿ ಅಮೆರಿಕ ಅದನ್ನು ಬಯಲು ಮಾಡಿತು. ಆ ರೂಟರ್‌ಗಳಿಗೆ ಕಂಪನಿಗಳು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದವು.

ಕಾವೇರಿ 2.0: ನಮ್ಮ ಮನೆ ಬಾಗಿಲಿಗೇ ಬಂದ ಪಾಠ

ಡಿಡಾಸ್ ದೂರದ ಮಾತು ಅನ್ನುವವರು 2025ರ ಆರಂಭವನ್ನು ನೆನಪಿಸಿಕೊಳ್ಳಬೇಕು. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಪದೇ ಪದೇ ಕುಸಿಯಿತು. ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ನೋಂದಣಿ ಸ್ಥಗಿತಗೊಂಡು ಜನ ಕಾದು ಕಾದು ವಾಪಸಾದರು. ಇದು ಡಿಡಾಸ್ ದಾಳಿ ಎಂದು ಸರ್ಕಾರ ಹೇಳಿತು, ಸೈಬರ್ ಪೊಲೀಸರಿಗೆ ದೂರು ಹೋಯಿತು. ನಕಲಿ ಖಾತೆ ತೆರೆದು ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ಹುಡುಕಾಟದ ಬೇಡಿಕೆಗಳನ್ನು ಸುರಿಯಲಾಗಿತ್ತು. ಎರಡು ಗಂಟೆಯಲ್ಲಿ 6.2 ಲಕ್ಷ ಬೇಡಿಕೆಗಳು ಬಂದಿದ್ದವು, ಇದಕ್ಕೆ 62 ಇಮೇಲ್ ಖಾತೆ ಮತ್ತು 14 ಐಪಿ ವಿಳಾಸಗಳು ಬಳಕೆಯಾಗಿದ್ದವು ಎಂಬ ವಿವರಗಳು ಹೊರಬಂದವು.

ಈ ಸಂಖ್ಯೆಗಳನ್ನು ಸ್ವಲ್ಪ ನಿಧಾನಿಸಿ ನೋಡಿ. ಹದಿನಾಲ್ಕು ಐಪಿ ಅಂದರೆ ಮಿರಾಯ್ ತರಹದ ಮಹಾ ಬಾಟ್‌ನೆಟ್ ಅಲ್ಲ. ಪ್ರೋಗ್ರಾಮ್ ಬರೆಯಲು ಬಲ್ಲ ಕೆಲವರು ಸಾಕು. ಅಷ್ಟಕ್ಕೇ ಒಂದು ರಾಜ್ಯದ ಆಸ್ತಿ ನೋಂದಣಿ ನಿಲ್ಲುತ್ತದೆ ಅಂದರೆ, ನಿಜವಾದ ಬಾಟ್‌ನೆಟ್ ಎರಗಿದರೆ ಗತಿ ಏನು? ಒಂದೇ ಖಾತೆಯಿಂದ ಸಾವಿರಾರು ಇ.ಸಿ. ಹುಡುಕಾಟ ಬಂದಾಗ ತಾನಾಗಿಯೇ ತಡೆಯುವ ಮಿತಿ ವ್ಯವಸ್ಥೆಯಲ್ಲಿ ಇರಬೇಕಲ್ಲವೇ? ದಾಳಿ ಮಾಡಿದವರದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಸೈಬರ್ ದಾಳಿ' ಅನ್ನುವ ಪದ ಕೇಳಿದ ಕೂಡಲೇ ನಾವು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆ ಸರ್ಕಾರಕ್ಕೆ ಅದಕ್ಕಿಂತ ಅನುಕೂಲ ಬೇರಿಲ್ಲ. ರೇಷನ್ ಕಾರ್ಡ್, ಪಿಂಚಣಿ, ವಿದ್ಯಾರ್ಥಿವೇತನ, ಪರೀಕ್ಷಾ ಅರ್ಜಿ ಎಲ್ಲವನ್ನೂ ಪೋರ್ಟಲ್‌ಗೆ ಹಾಕಿ ಕಾಗದದ ದಾರಿ ಮುಚ್ಚಿದ ಮೇಲೆ, ಪೋರ್ಟಲ್ ನಿಂತರೆ ಹಕ್ಕೂ ನಿಂತ ಹಾಗೆ.

ಬಾಯಿ ಮುಚ್ಚಿಸುವ ಅಗ್ಗದ ದಾರಿ

ಈ ತಾಣದ ಓದುಗರಿಗೆ ಇದು ಮುಖ್ಯ. ಒಂದು ಸುದ್ದಿತಾಣವನ್ನು ನಿಷೇಧಿಸಬೇಕಾದರೆ ಸರ್ಕಾರಕ್ಕೆ ಆದೇಶ ಬೇಕು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಡಿಡಾಸ್ ದಾಳಿಗೆ ಆದೇಶವೂ ಇಲ್ಲ, ಸಹಿಯೂ ಇಲ್ಲ. ಫಿಲಿಪ್ಪೀನ್ಸ್‌ನ ಪರ್ಯಾಯ ಸುದ್ದಿತಾಣಗಳಾದ ಬುಲಾಟ್‌ಲಾಟ್, ಆಲ್ಟರ್‌ಮಿಡಿಯಾ ಮತ್ತು ಮಾನವ ಹಕ್ಕು ಸಂಘಟನೆ ಕರಪಟಾನ್ ಮೇಲೆ 2021ರಲ್ಲಿ ಇಂಥ ದಾಳಿಗಳಾದವು. ಅದನ್ನು ಪರಿಶೀಲಿಸಿದ ಸ್ವೀಡನ್ನಿನ ಕುರಿಯಂ ಸಂಸ್ಥೆ, ಸುಳಿವುಗಳು ಅಲ್ಲಿನ ಸರ್ಕಾರಿ ಇಲಾಖೆ ಮತ್ತು ಸೇನೆಯತ್ತ ಹೋಗುತ್ತವೆ ಎಂದಿತು. 2023ರಲ್ಲಿ ಹಂಗೇರಿಯ ಹತ್ತಾರು ಸುದ್ದಿತಾಣಗಳು, ಮುಖ್ಯವಾಗಿ ಸರ್ಕಾರವನ್ನು ಟೀಕಿಸುವಂಥವು, ಸರಣಿ ದಾಳಿಗೆ ಒಳಗಾದವು.

ಇದಕ್ಕೆ ಹ್ಯಾಕಿಂಗ್ ಪಾಂಡಿತ್ಯ ಬೇಕಿಲ್ಲ. 'ಬೂಟರ್' ಅಥವಾ 'ಸ್ಟ್ರೆಸರ್' ಎಂಬ ಹೆಸರಿನಲ್ಲಿ ಬಾಟ್‌ನೆಟ್ ಬಾಡಿಗೆಗೆ ಸಿಗುತ್ತದೆ. 2024ರ ಡಿಸೆಂಬರ್‌ನಲ್ಲಿ ಯೂರೋಪೋಲ್ ನೇತೃತ್ವದಲ್ಲಿ 15 ದೇಶಗಳು ಸೇರಿ ಇಂಥ 27 ತಾಣಗಳನ್ನು ಮುಚ್ಚಿಸಿದವು. ಮುಚ್ಚಿದಷ್ಟೂ ಹುಟ್ಟುತ್ತಿವೆ. ಜಾಹೀರಾತು ಬೆಂಬಲವಿಲ್ಲದ ಸಣ್ಣ ಕನ್ನಡ ತಾಣವೊಂದಕ್ಕೆ ಒಂದು ತನಿಖಾ ವರದಿ ಹಾಕಿದ ದಿನವೇ ಸರ್ವರ್ ಬಿದ್ದರೆ, ಓದುಗರಿಗೆ ಕಾಣುವುದು ತೆರೆಯದ ಪುಟ ಮಾತ್ರ. ಅದು ಸೆನ್ಸಾರ್ ಎಂದು ಯಾರಿಗೂ ಅನ್ನಿಸುವುದೂ ಇಲ್ಲ. ಆ ದಾಳಿಯಲ್ಲಿ ಅದೇ ತಾಣದ ಓದುಗನೊಬ್ಬನ ಟಿವಿ ಬಾಕ್ಸ್ ಕೂಡ ಕೈಜೋಡಿಸಿರಬಹುದು. ಇದಕ್ಕೇ ನಾನು ಹೇಳಿದ್ದು, ಇದು ಬರೀ ತಾಂತ್ರಿಕ ವಿಷಯ ಅಲ್ಲ ಅಂತ.

ಕೆಡಿಸಿ ಕಾಪಾಡುವುದು ಸರಿಯೇ?

ಈಗ ಮತ್ತೆ 2017ಕ್ಕೆ. ಬಿಎಸ್‌ಎನ್‌ಎಲ್ ಮೋಡೆಮ್‌ಗಳ ಮೇಲಿನ ದಾಳಿಯ ಹೊಣೆ ಹೊತ್ತವನು 'ಜಾನಿಟರ್' ಎಂದು ಕರೆದುಕೊಳ್ಳುತ್ತಿದ್ದ ಒಬ್ಬ ಅನಾಮಿಕ, 'ಬ್ರಿಕರ್‌ಬಾಟ್' ಎಂಬ ಮಾಲ್‌ವೇರ್ ಬರೆದವನು. ಜಾನಿಟರ್ ಅಂದರೆ ಕಸ ಗುಡಿಸುವವನು. ಅವನ ವಾದ ಹೀಗಿತ್ತು: ಈ ಅಭದ್ರ ಸಾಧನಗಳು ಹೇಗಿದ್ದರೂ ಬಾಟ್‌ನೆಟ್ ಸೇರುತ್ತವೆ, ಸೇರುವ ಮೊದಲೇ ನಾನು ಅವನ್ನು ಕೆಡಿಸಿಬಿಡುತ್ತೇನೆ, ಇದು ಇಂಟರ್ನೆಟ್‌ಗೆ ಕೊಡುವ ಕೀಮೋಥೆರಪಿ. ಬ್ರಿಕರ್‌ಬಾಟ್ ಸಾಧನದ ಮೆಮರಿಯನ್ನು ಅಳಿಸಿ ಹಾಕುತ್ತಿತ್ತು. ಒಂದು ಕೋಟಿಗೂ ಹೆಚ್ಚು ಸಾಧನ ಕೆಡಿಸಿದ್ದೇನೆ ಎಂದು ಹೇಳಿಕೊಂಡ ಅವನು 2017ರ ಡಿಸೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದ.

ಈ ವಾದದಲ್ಲಿ ಒಂದು ಆಕರ್ಷಣೆ ಇದೆ, ವಿಶೇಷವಾಗಿ ವ್ಯವಸ್ಥೆ ಕಣ್ಣುಮುಚ್ಚಿ ಕೂತಿದೆ ಎಂದು ಸಿಟ್ಟಿರುವವರಿಗೆ. ನನಗೆ ಅದು ಒಪ್ಪಿಗೆಯಿಲ್ಲ. ಪೆಟ್ಟು ತಿಂದದ್ದು ಮೋಡೆಮ್ ತಯಾರಿಸಿದವರಲ್ಲ. ಆನ್‌ಲೈನ್ ಅರ್ಜಿ ತುಂಬಬೇಕಿದ್ದ ವಿದ್ಯಾರ್ಥಿ, ಸೈಬರ್ ಸೆಂಟರ್ ನಡೆಸುವವರು, ಮಗಳ ವಿಡಿಯೊ ಕಾಲ್‌ಗೆ ಕಾದಿದ್ದ ಅಜ್ಜಿ ಅಂಥವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದನ್ನು ವೋಲ್ಟ್ ಟೈಫೂನ್ ಪ್ರಕರಣದ ಜೊತೆ ಹೋಲಿಸಿ. ಅಲ್ಲೂ ಎಫ್‌ಬಿಐ ಜನರ ರೂಟರ್‌ಗಳೊಳಗೆ ಹೋಗಿ ಮಾಲ್‌ವೇರ್ ಅಳಿಸಿತು. ಆದರೆ ನ್ಯಾಯಾಲಯದ ಅನುಮತಿ ಪಡೆದು, ಸಾಧನ ಕೆಡದಂತೆ ಮೊದಲೇ ಪರೀಕ್ಷಿಸಿ, ಮಾಲೀಕರಿಗೆ ತಿಳಿಸುವ ವ್ಯವಸ್ಥೆ ಮಾಡಿ. ಸರ್ಕಾರ ನಮ್ಮ ಮನೆಯ ಯಂತ್ರದೊಳಗೆ ಬರುವುದು ಯಾವತ್ತೂ ಅನುಮಾನದಿಂದ ನೋಡಬೇಕಾದ ಸಂಗತಿಯೇ. ಹಾಗಾಗಿಯೇ ಅನುಮತಿ, ಪರೀಕ್ಷೆ, ಮಾಹಿತಿ ಈ ಮೂರೂ ಮುಖ್ಯ.

ಕಾನೂನು ಏನು ಹೇಳುತ್ತದೆ?

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 43ರ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ಗೆ ಪ್ರವೇಶಿಸುವುದು, ವೈರಸ್ ಬಿಡುವುದು, ಸೇವೆಗೆ ಅಡ್ಡಿ ಮಾಡುವುದು ತಪ್ಪು. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66ರ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ 'ಉದ್ದೇಶ' ಅನ್ನುವುದನ್ನು ಗಮನಿಸಿ. ನಿಮಗೆ ಗೊತ್ತಿಲ್ಲದೆ ನಿಮ್ಮ ರೂಟರ್ ದುರ್ಬಳಕೆಯಾಗಿದ್ದರೆ ನೀವು ಅಪರಾಧಿಯಲ್ಲ. ಹಾಗಂತ ವಿಚಾರಣೆಯ ಓಡಾಟ, ಫೋನು-ಲ್ಯಾಪ್‌ಟಾಪ್ ಜಪ್ತಿಯ ಕಿರಿಕಿರಿ ತಪ್ಪುತ್ತದೆ ಎಂದೇನಿಲ್ಲ. ಬಾಡಿಗೆ ಮನೆ, ಪಿಜಿಗಳಲ್ಲಿ ಒಬ್ಬರ ಹೆಸರಿನ ಕನೆಕ್ಷನ್ ಹತ್ತು ಮಂದಿ ಬಳಸುವ ನಮ್ಮ ಊರಲ್ಲಿ ಇದು ಸಣ್ಣ ಮಾತಲ್ಲ.

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ 'ಸೈಬರ್ ಸ್ವಚ್ಛತಾ ಕೇಂದ್ರ' ಶುರು ಮಾಡಿತು. ಅದು ಬಾಟ್‌ನೆಟ್ ಸೋಂಕು ಪತ್ತೆ ಮಾಡಿ ಇಂಟರ್ನೆಟ್ ಕಂಪನಿಗಳಿಗೆ ತಿಳಿಸುತ್ತದೆ, ಸ್ವಚ್ಛಗೊಳಿಸುವ ಉಪಕರಣಗಳನ್ನು ಉಚಿತವಾಗಿ ಕೊಡುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಕಂಪನಿಗಳು ಸೈಬರ್ ದಾಳಿಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. 2024ರ ಏಪ್ರಿಲ್‌ನಲ್ಲಿ ಹೊರಬಂದು 2025ರ ಏಪ್ರಿಲ್ 9ರಿಂದ ಜಾರಿಯಾದ ನಿಯಮದಂತೆ ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆ ಪಾಸಾಗಬೇಕು. ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಟೆಲಿಕಾಂ ಉಪಕರಣಗಳಿಗೆ ಭದ್ರತಾ ಮಾನದಂಡ ರೂಪಿಸುತ್ತದೆ. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಈಗಾಗಲೇ ಗೋಡೆ ಮೇಲೆ ಕೂತಿರುವ ಹಳೆಯ ಕ್ಯಾಮೆರಾಗಳನ್ನು ಯಾವ ಹೊಸ ನಿಯಮವೂ ಇಳಿಸುವುದಿಲ್ಲ.

ಹೊಣೆ ಯಾರದ್ದು?

ಪ್ರತಿ ಸಲ ಕೊನೆಗೆ ಕೇಳಿಬರುವ ಮಾತು ಒಂದೇ: ಗ್ರಾಹಕರು ಪಾಸ್‌ವರ್ಡ್ ಬದಲಿಸಬೇಕಿತ್ತು. ಬದಲಿಸಬೇಕು, ನಿಜ. ಆದರೆ ಮೋಡೆಮ್ ಕೊಟ್ಟವರು ಕಂಪನಿಯವರು, ಪೋರ್ಟ್ ತೆರೆದಿಡುವವರು ಅಥವಾ ಮುಚ್ಚುವವರು ಅವರೇ, ಮೋಡೆಮ್‌ಗೆ 192.168 ಎಂದು ಶುರುವಾಗುವ ಒಂದು ವಿಳಾಸ ಇದೆ, ಅದಕ್ಕೊಂದು ಇಂಗ್ಲಿಷ್ ಪುಟ ಇದೆ ಎಂದು ಗ್ರಾಹಕರಿಗೆ ಹೇಳಿಕೊಡಬೇಕಾದವರೂ ಅವರೇ. ಫ್ಯಾನ್ ಕೊಂಡರೆ ಶಾಕ್ ಹೊಡೆಯದಂತೆ ಮಾಡಿ ಕೊಡುವುದು ತಯಾರಕರ ಜವಾಬ್ದಾರಿ, ವೈರಿಂಗ್ ನೀವೇ ಕಲಿಯಿರಿ ಎಂದು ಯಾರೂ ಹೇಳುವುದಿಲ್ಲ. ರೂಟರ್‌ಗೆ ಮಾತ್ರ ಬೇರೆ ನ್ಯಾಯ ಯಾಕೆ?

ಬೇರೆ ಕಡೆ ಈ ಪ್ರಶ್ನೆಗೆ ಕಾನೂನಿನ ಉತ್ತರ ಬಂದಿದೆ. ಕ್ಯಾಲಿಫೋರ್ನಿಯಾದ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ಗೃಹಬಳಕೆಯ ಸಾಧನಗಳ ಮಾರಾಟವನ್ನೇ ನಿಷೇಧಿಸಿತು, ಅಪ್‌ಡೇಟ್ ಎಷ್ಟು ಕಾಲ ಕೊಡುತ್ತೀರಿ ಎಂದು ಘೋಷಿಸುವುದನ್ನೂ ಕಡ್ಡಾಯ ಮಾಡಿತು. ಯುರೋಪಿಯನ್ ಒಕ್ಕೂಟದ ಇಂಥದ್ದೇ ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳು 2027ರ ಡಿಸೆಂಬರ್‌ನಿಂದ ಅನ್ವಯಿಸುತ್ತವೆ. ನಮ್ಮಲ್ಲಿ ದೂರಸಂಪರ್ಕ ಇಂಜಿನಿಯರಿಂಗ್ ಕೇಂದ್ರ 2021ರಲ್ಲೇ ಇಂಥ ಸಂಹಿತೆ ಪ್ರಕಟಿಸಿದೆ, ಆದರೆ ಅದು ಸಲಹೆಯ ರೂಪದ್ದು. ಸಲಹೆ ಕಡ್ಡಾಯವಾಗಬೇಕು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಹಾಗಾಗಬಾರದು.

ಈಗಲೇ ಏನು ಮಾಡಬಹುದು?

ಹೊಣೆ ಕಂಪನಿಯದ್ದು ಎಂದು ಹೇಳಿ ನಾವು ಕೈಕಟ್ಟಿ ಕೂರಬೇಕಿಲ್ಲ. ಒಂದು ಭಾನುವಾರದ ಅರ್ಧ ಗಂಟೆ ಸಾಕು.

- ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಅಡ್ಮಿನ್ ಪಾಸ್‌ವರ್ಡ್ ಬೇರೆ. ಬಹಳ ಜನ ಮೊದಲನೆಯದನ್ನು ಬದಲಿಸಿ ಮುಗಿಯಿತು ಅಂದುಕೊಳ್ಳುತ್ತಾರೆ.
- ಅನುಮಾನ ಬಂದರೆ ಸಾಧನವನ್ನು ಆಫ್ ಮಾಡಿ ಆನ್ ಮಾಡಿ. ಮಿರಾಯ್ ತರಹದ ಬಹಳ ಮಾಲ್‌ವೇರ್‌ಗಳು ಮೆಮರಿಯಲ್ಲಷ್ಟೇ ಇರುತ್ತವೆ, ರೀಸ್ಟಾರ್ಟ್ ಆದರೆ ಹೋಗುತ್ತವೆ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ನಿಮಿಷಗಳಲ್ಲಿ ಮತ್ತೆ ಅಂಟಬಹುದು. ಹಾಗಾಗಿ ರೀಸ್ಟಾರ್ಟ್ ಮಾಡಿ ಕೂಡಲೇ ಪಾಸ್‌ವರ್ಡ್ ಬದಲಿಸಿ.
- ರಿಮೋಟ್ ಮ್ಯಾನೇಜ್‌ಮೆಂಟ್, ಯುಪಿಎನ್‌ಪಿ ಆಯ್ಕೆಗಳು ಬೇಡವಾಗಿದ್ದರೆ ಆಫ್ ಮಾಡಿ. ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡಿ. ಅಪ್‌ಡೇಟ್ ನಿಂತುಹೋದ ರೂಟರ್ ಆಗಿದ್ದರೆ ಬದಲಿಸಿಕೊಡಿ ಎಂದು ಇಂಟರ್ನೆಟ್ ಕಂಪನಿಯನ್ನು ಕೇಳಿ.
- ಕ್ಯಾಮೆರಾ, ಟಿವಿಗಳನ್ನು ಗೆಸ್ಟ್ ವೈಫೈಗೆ ಹಾಕಿ. ಅವು ಕೆಟ್ಟರೂ ನಿಮ್ಮ ಲ್ಯಾಪ್‌ಟಾಪ್ ಇರುವ ಜಾಲಕ್ಕೆ ಕೈ ಚಾಚಲಾರವು.
- ಹೆಸರಿಲ್ಲದ ಟಿವಿ ಬಾಕ್ಸ್, 'ಎಲ್ಲ ಓಟಿಟಿ ಫ್ರೀ' ಎನ್ನುವ ಸಾಧನ, ಉಚಿತ ವಿಪಿಎನ್ ಇವುಗಳಿಂದ ದೂರವಿರಿ.
- ಎಲ್ಲ ವೆಬ್‌ಸೈಟ್‌ಗಳೂ ನಿಮ್ಮನ್ನು ಪದೇ ಪದೇ 'ನೀವು ರೋಬೋ ಅಲ್ಲ ತಾನೆ' ಎಂದು ಕೇಳುತ್ತಿದ್ದರೆ ನಿಮ್ಮ ಐಪಿ ಕಪ್ಪುಪಟ್ಟಿಯಲ್ಲಿರಬಹುದು. ಬಹಳ ಕಂಪನಿಗಳು ಒಂದೇ ಐಪಿಯನ್ನು ಅನೇಕ ಮನೆಗಳಿಗೆ ಹಂಚುವುದರಿಂದ, ತಪ್ಪು ಪಕ್ಕದ ಮನೆಯ ಸಾಧನದ್ದೂ ಇರಬಹುದು.
- ವಂಚನೆ ನಡೆದಿದ್ದರೆ 1930ಕ್ಕೆ ಕರೆ ಮಾಡಿ, ನಿಮ್ಮ ವಿಭಾಗದ ಸೆನ್ ಠಾಣೆಯಲ್ಲಿ ದೂರು ಕೊಡಿ.

ಇನ್ನೊಂದು ಕೆಲಸ ಇದೆ, ಅದು ಒಬ್ಬೊಬ್ಬರೇ ಮಾಡುವಂಥದ್ದಲ್ಲ. ನಿಮ್ಮ ಅಪಾರ್ಟ್‌ಮೆಂಟ್ ಸಂಘ, ಪಿಜಿ ಮಾಲೀಕರು, ಬೀದಿಯ ಅಂಗಡಿಯವರು ಕ್ಯಾಮೆರಾ ಹಾಕಿಸುವಾಗ ಪಾಸ್‌ವರ್ಡ್ ಯಾರ ಬಳಿ ಇದೆ, ಅಪ್‌ಡೇಟ್ ಯಾರು ಹಾಕುತ್ತಾರೆ ಎಂದು ಕೇಳಿ. ನಿಮ್ಮ ಇಂಟರ್ನೆಟ್ ಕಂಪನಿಗೆ ಇಮೇಲ್ ಬರೆದು, ನನ್ನ ರೂಟರ್‌ನ 7547ನೇ ಪೋರ್ಟ್ ಹೊರಜಗತ್ತಿಗೆ ಮುಚ್ಚಿದೆಯೇ ಎಂದು ಕೇಳಿ. ಸರ್ಕಾರಿ ಪೋರ್ಟಲ್ ಬಿದ್ದಾಗ 'ಸೈಬರ್ ದಾಳಿ' ಎಂಬ ಹೇಳಿಕೆಗೆ ತೃಪ್ತರಾಗದೆ, ಮುಂದೆ ಆಗದಂತೆ ಏನು ಮಾಡಿದಿರಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಲ್ಲಿ ನೀರಿನಲ್ಲಿ ಕೊಳಚೆ ಬಂದರೆ ಕಾವೇರಿ ಭವನಕ್ಕೆ ಹೋಗಿ ಕೇಳುವ ಬೆಂಗಳೂರಿಗರು, ಇಂಟರ್ನೆಟ್ ನಲ್ಲಿಯಲ್ಲಿ ಕೊಳಚೆ ಹರಿದಾಗಲೂ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕಾಗಿದೆ.